ಮಾತು ಮುಗಿಯುವ ತನಕ ಕಾದವರಿಗೆ

ಅಷ್ಟಮಿಗೆಂದು ಉಡುಪಿಗೆ ಬಂದಿದ್ದೇನೆ. ಜರ್ಮನಿಗೆ ಹೋಗಿ ಎರಡು ವರ್ಷ ಆಗುತ್ತಾ ಬಂತು, ಇದೇ ಮೊದಲ ರಜೆ. ಹೊರಗೆ ಮಳೆ. ಒಳಗೆ ಅಮ್ಮ ಪತ್ರೊಡೆಗೆ ಅಕ್ಕಿ ರುಬ್ಬುತ್ತಿದ್ದಾರೆ. ಮಿಕ್ಸಿ ಸದ್ದು ಕೇಳಿ ಒಮ್ಮೆ ಎದೆ ಧಸಕ್ಕೆಂದಿತು. ಇವತ್ತು ಭಾನುವಾರ ಅಲ್ವಾ! ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಜೂನ್ ತಿಂಗಳಲ್ಲಿ ನನಗೆ ಅಲ್ಲಿನ ನರ್ಸಿಂಗ್ ಮಾನ್ಯತೆ ಸಿಕ್ಕಿತು. ಅಲ್ಲಿಯ ತನಕ ನಾನು ವಾರ್ಡಿನಲ್ಲಿ ಸಹಾಯಕಿ ಮಾತ್ರ. ಇಲ್ಲಿ ಐದು ವರ್ಷ ಐಸಿಯುನಲ್ಲಿ ದುಡಿದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಮಾನ್ಯತೆಯ ಕಾಗದ ಕೈಗೆ ಬಂದ ದಿನ ಯಾರ್‍ಯಾರಿಗೆ ಫೋನು ಮಾಡಬೇಕು ಅಂತ ಲೆಕ್ಕ ಹಾಕಿದೆ. ಬೆರಳು ಸಾಲಲಿಲ್ಲ. ಅದಕ್ಕೇ ಈ ಬರಹ.

ಮೊದಲು ಮಂಗಳೂರಿನ ನಮ್ಮ ಜರ್ಮನ್ ಟೀಚರಿಗೆ. ಹನ್ನೊಂದು ತಿಂಗಳು ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಕ್ಲಾಸಿಗೆ ಬಂದವಳು ನಾನು. ನಿಂತುಕೊಂಡೇ ಶಬ್ದ ಬಾಯಿಪಾಠ ಮಾಡುತ್ತಿದ್ದೆ. ಉದ್ದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ ಎಂದಾಗ ಎಲ್ಲರೂ ತಲೆ ಕೆರೆದುಕೊಂಡೆವು. ಟೀಚರ್ ನಕ್ಕು, 'ಹೆದರುವುದೆಂತಕ್ಕೆ? ತುಳುವಲ್ಲಿ, ಕನ್ನಡದಲ್ಲಿ ಅದು ಇರುವುದೇ ಅಲ್ಲಿ' ಎಂದರು. ಅಷ್ಟರ ಮೇಲೆ ವ್ಯಾಕರಣ ನನ್ನನ್ನು ಜಾಸ್ತಿ ಕಾಡಲಿಲ್ಲ.

ಇನ್ನು ನಮ್ಮ ಪಕ್ಕದ ಮನೆಯ ಮಾಸ್ಟ್ರು. ನನಗೆ ಕೆಲಸ ಸಿಕ್ಕಿದ್ದು ಟ್ಯೂಬಿಂಗನ್ ಎಂಬ ಊರಿನಲ್ಲಿ ಎಂದಾಗ ಅವರಿಗೆ ನನಗಿಂತ ಸಂಭ್ರಮ. ಕಿಟೆಲ್ 1903ರಲ್ಲಿ ತೀರಿಹೋದದ್ದು ಅಲ್ಲೇ. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಮೋಗ್ಲಿಂಗ್ ಓದಿದ್ದೂ ಅಲ್ಲೇ. 'ಕಿಟೆಲ್ ಇಲ್ಲಿಗೆ ಬಂದು ಸುಮಾರು 70,000 ಕನ್ನಡ ಶಬ್ದ ಒಟ್ಟು ಮಾಡಿದರು ಮಾರಾಯ್ತಿ, ನಿನಗೆ ಐದು ಸಾವಿರ ಜರ್ಮನ್ ಶಬ್ದ ಕಷ್ಟವಾ?' ಎಂದರು. ಕಷ್ಟವೇ ಮಾಸ್ಟ್ರೇ. ಆದರೆ ಆ ಮಾತು ನೆನಪಾದಾಗೆಲ್ಲ ನಗು ಬರುತ್ತಿತ್ತು.

ಇಳಿದದ್ದು ನವೆಂಬರಿನಲ್ಲಿ. ಸಂಜೆ ಐದಕ್ಕೆಲ್ಲ ಕತ್ತಲೆ. ರೂಮು ತಯಾರಿದೆ ಎಂದು ಏಜೆನ್ಸಿಯವರು ಹೇಳಿದ್ದರು, ಹೋದರೆ ರೂಮೇ ಇಲ್ಲ! ಅಲ್ಲಿ ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ದಾಖಲಿಸಬೇಕು. ಅದಕ್ಕೆ ಮನೆ ಮಾಲೀಕರ ಸಹಿ ಬೇಕು. ವಿಳಾಸ ದಾಖಲಾಗದೆ ತೆರಿಗೆ ನಂಬರಿಲ್ಲ, ಬ್ಯಾಂಕಿನಲ್ಲೂ ಕಷ್ಟ. ನಮ್ಮ ವಾರ್ಡಿನ ಮಲಯಾಳಿ ಚೇಚಿ ಒಬ್ಬರು ಒಂದು ಮಾತೂ ಕೇಳದೆ ನನ್ನ ಸೂಟ್‌ಕೇಸ್ ಎತ್ತಿ ಅವರ ಕಾರಿಗೆ ಹಾಕಿದರು. ಅವರ ಅತ್ತೆ 1960ರ ದಶಕದಲ್ಲೇ ಕೇರಳದಿಂದ ನರ್ಸ್ ಆಗಿ ಹೋದವರಂತೆ. ಚೇಚಿಯ ಮನೆಯ ಸೋಫಾದಲ್ಲಿ 19 ದಿನ ಮಲಗಿದ್ದೇನೆ. ಖಾಲಿ ಪ್ಲಾಸ್ಟಿಕ್ ಬಾಟಲಿ ಬಿಸಾಡಿದ್ದಕ್ಕೆ ಅವರ ಕೈಯಲ್ಲಿ ಬೈಸಿಕೊಂಡದ್ದೂ ಉಂಟು. ವಾಪಸ್ ಕೊಟ್ಟರೆ ಬಾಟಲಿಗೆ 25 ಸೆಂಟ್ ಸಿಗುತ್ತದೆ. ಗೋಲಿ ಸೋಡಾ ಕುಡಿದು ಬಾಟಲಿ ಅಂಗಡಿಗೇ ಕೊಟ್ಟು ಬೆಳೆದ ನನಗೆ ಅಷ್ಟೂ ಹೊಳೆಯಲಿಲ್ಲ.

ಮನೆ ಸಿಕ್ಕಿದ ಮೇಲೆ ಕಾಗದಗಳೇ ಬರಲಿಲ್ಲ. ಅಲ್ಲಿ ಫ್ಲಾಟಿಗೆ ನಂಬರ್ ಇಲ್ಲ, ಟಪಾಲು ಡಬ್ಬಿಯ ಮೇಲೆ ಮನೆತನದ ಹೆಸರು ಇರಬೇಕು. ನಾನು ನನ್ನ ಹೆಸರು ಅಂಟಿಸಿದ್ದೆ. ಪಾಸ್‌ಪೋರ್ಟಿನಲ್ಲಿ ಆ ಜಾಗದಲ್ಲಿರುವುದು ಅಪ್ಪನ ಹೆಸರು. ಅದನ್ನು ಅಂಟಿಸಿದ ಮೇಲೆ ಕಾಗದ ಬರತೊಡಗಿತು. ವಾರ್ಡಿನಲ್ಲೂ ಎಲ್ಲರೂ ನನ್ನನ್ನು ಕರೆಯುವುದು ಆ ಹೆಸರಿನಿಂದಲೇ. ಅಪ್ಪ ಹೋಗಿ ಎಂಟು ವರ್ಷ. ಊರಿನಲ್ಲಿ ಅವರ ಹೆಸರು ಹೇಳುವವರೇ ಕಮ್ಮಿ ಆಗಿದ್ದಾರೆ, ಅಲ್ಲಿ ದಿನಕ್ಕೆ ಐವತ್ತು ಸಲ ಕೇಳುತ್ತದೆ. ಇದಕ್ಕೆ ಯಾರಿಗೆ ಥ್ಯಾಂಕ್ಸ್ ಹೇಳುವುದೋ ಗೊತ್ತಿಲ್ಲ.

ಈಗ ಮಿಕ್ಸಿ ಕತೆ. ಮೊದಲ ಭಾನುವಾರ ಕೊದ್ದೆಲ್ ಮಾಡುವ ಅಂತ ತೆಂಗಿನಕಾಯಿ ರುಬ್ಬಿದೆ. ಐದು ನಿಮಿಷಕ್ಕೆ ಬೆಲ್ಲು. ಕೆಳಗಿನ ಮನೆಯ ಅಜ್ಜಿ. ಅವರು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಭಾನುವಾರ, ಸದ್ದು ಎಂಬ ಎರಡೇ ಶಬ್ದ. ಅಲ್ಲಿ ಭಾನುವಾರ ಅಂಗಡಿಯೂ ಮುಚ್ಚಿರುತ್ತದೆ, ಸದ್ದೂ ಮಾಡುವಂತಿಲ್ಲ. ನಾನು ತಡವರಿಸುತ್ತಾ ಕ್ಷಮೆ ಕೇಳಿದೆ. ವಾಕ್ಯ ಶುರುವಾಯಿತು, ಆದರೆ ಕೊನೆಯ ಕ್ರಿಯಾಪದ ಬಾಯಿಗೆ ಬರಲೇ ಇಲ್ಲ. ಅಜ್ಜಿ ಸುಮ್ನೆ ನಿಂತರು. ತಾವೇ ತುಂಬಿಸಿ ಮುಗಿಸಲಿಲ್ಲ. ಕೊನೆಗೂ ಆ ಪದ ಸಿಕ್ಕಿತು. ಅವರು 'ಗೆಲ್?' ಎಂದು ನಕ್ಕರು. ಅದು ನಮ್ಮ 'ಅಲ್ವಾ' ಇದ್ದ ಹಾಗೆ. ಈಗ ನಾನು ಶನಿವಾರವೇ ರುಬ್ಬಿಡುತ್ತೇನೆ, ಭಾನುವಾರ ಅಜ್ಜಿಗೆ ನಾಲ್ಕು ನೀರುದೋಸೆ ಹೋಗುತ್ತದೆ.

ಕ್ಲಾಸಿನಲ್ಲಿ ಕಲಿತ ಜರ್ಮನ್ ವಾರ್ಡಿನಲ್ಲಿ ನಡೆಯಲಿಲ್ಲ. ಅಲ್ಲಿನ ಮುದುಕರದ್ದು ಶ್ವಾಬಿಷ್ ಎಂಬ ಆಡುಮಾತು. ಪಠ್ಯಪುಸ್ತಕದ ಕನ್ನಡ ಕಲಿತವರು ಸೀದಾ ಕುಂದಾಪುರದಲ್ಲಿ ಬಸ್ಸಿಳಿದ ಹಾಗೆ. ಕೆಲಸವೂ ಬೇರೆ. ನಮ್ಮಲ್ಲಿ ರೋಗಿಗೆ ಮೈ ಒರೆಸುವುದು, ಊಟ ಮಾಡಿಸುವುದು ಹೆಚ್ಚಾಗಿ ಮನೆಯವರು. ಅಲ್ಲಿ ಅದು ನರ್ಸಿನ ಮುಖ್ಯ ಕೆಲಸ. ಶುರುವಿಗೆ ನನಗೆ ಅವಮಾನ ಅನಿಸಿತ್ತು, ಸುಳ್ಳು ಹೇಳುವುದಿಲ್ಲ.

ಮಾನ್ಯತೆಯ ಪರೀಕ್ಷೆಯಲ್ಲಿ ಮೊದಲ ಸಲ ನಾನು ಫೇಲ್. ಈ ವಿಷಯ ಅಮ್ಮನಿಗೂ ಇವತ್ತೇ ಗೊತ್ತಾಗುವುದು. ಕೈ ಕೆಲಸ ಸರಿ ಇತ್ತು. ಆದರೆ ತಪ್ಪು ಮಾತಾಡಿಬಿಟ್ಟೇನೆಂದು ಹೆದರಿ ರೋಗಿಯ ಹತ್ತಿರ ಮಾತೇ ಆಡಲಿಲ್ಲ. ಏನು ಮಾಡುತ್ತೇನೆ, ಯಾಕೆ ಮಾಡುತ್ತೇನೆ ಎಂದು ಹೇಳದೆ ಮೈ ಮುಟ್ಟುವುದು ಅಲ್ಲಿ ದೊಡ್ಡ ತಪ್ಪು. ಯೋಚಿಸಿದರೆ, ಇಲ್ಲಿನ ಐದು ವರ್ಷವೂ ನಾನು ಹಾಗೇ ಮಾಡಿದ್ದೆ.

ಆಮೇಲೆ ನಾಲ್ಕು ತಿಂಗಳು ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಡ್ಯೂಟಿ ಮುಗಿದ ಮೇಲೆ ಅರ್ಧ ಗಂಟೆ ಉಳಿಯುತ್ತಿದ್ದರು. ತಾವೇ ಮಂಚದಲ್ಲಿ ಮಲಗಿ ರೋಗಿಯಾಗುತ್ತಿದ್ದರು. 'ನನಗೆ ಹೇಳು, ಈಗ ಎಂತ ಮಾಡುತ್ತಿ?' ನಾನು ನಿಲ್ಲುತ್ತಿದ್ದೆ, ಪದ ಹುಡುಕುತ್ತಿದ್ದೆ. ಅವರು ಸೂರು ನೋಡುತ್ತಾ ಮಲಗಿರುತ್ತಿದ್ದರು. ಒಂದು ದಿನ ನಿಜವಾಗಿ ನಿದ್ದೆಯೇ ಹೋದರು! ಅವರಿಗೆ ನನ್ನ ದೊಡ್ಡ ನಮಸ್ಕಾರ.

ಚಿಕ್ಕಮ್ಮನಿಗೆ ಹಲಸಿನ ಹಪ್ಪಳಕ್ಕೆ, ಕಷಾಯದ ಪುಡಿಗೆ. ತುಪ್ಪ ಮಾತ್ರ ಕಟ್ಟಬೇಡಿ, ಹಾಲಿನ ಪದಾರ್ಥವನ್ನು ಅಲ್ಲಿ ಒಳಗೆ ಬಿಡುವುದಿಲ್ಲ ಎಂದು ಎಷ್ಟು ಸಲ ಹೇಳಿದರೂ ನಂಬುವುದಿಲ್ಲ.

ಮುಂದಿನ ವಾರ ವಾಪಸ್ ಹೋಗಬೇಕು. ಅಲ್ಲಿ ಮೆಟ್ಟಿಲು, ಓಣಿ ಗುಡಿಸಲು ಮನೆಮನೆಗೆ ವಾರದ ಪಾಳಿ ಇದೆ. ಪಾಳಿ ಬಂದವರ ಬಾಗಿಲಿಗೆ ಒಂದು ಫಲಕ ನೇತಾಡುತ್ತದೆ. ರಜೆಯಲ್ಲಿ ನನ್ನ ಪಾಳಿಯನ್ನು ಅಜ್ಜಿ ಮಾಡುತ್ತಿದ್ದಾರೆ, 79ನೇ ವಯಸ್ಸಿನಲ್ಲಿ. ಅವರಿಗೆ ಕೊಡಲು ಅಮ್ಮ ಹೊಸ ಹಿಡಿಸೂಡಿ ಕಟ್ಟಿಟ್ಟಿದ್ದಾರೆ. ಸೂಟ್‌ಕೇಸಿನಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಇಟ್ಟರೆ ಸರಿಯಾಗಿ ಹಿಡಿಯುತ್ತದೆ. ನಿನ್ನೆ ಇಟ್ಟು ನೋಡಿದೆವು.