ಅವ್ವನ ಸೊಂಟ, ನನ್ನ ಹಟ, ಮತ್ತು ಅನಸ್ತೇಶಿಯಾ ಡಾಕ್ಟರು

ಅವ್ವ ಬಿದ್ದು ಮೂರು ತಿಂಗಳಾಯಿತು. ಈಗ ವಾಕರ್ ಹಿಡಿದು ಅಂಗಳದ ತನಕ ಬರುತ್ತಾಳೆ, ಅಲ್ಲೇ ನಿಂತು ಕೋಳಿಗಳಿಗೆ ಬೈಯುತ್ತಾಳೆ. ಇಷ್ಟು ದಿನ ಬರೆಯೋಕೆ ಧೈರ್ಯ ಇರಲಿಲ್ಲ. ಈಗ ಬರೆಯದಿದ್ದರೆ ಋಣ ಹಾಗೇ ಉಳಿಯುತ್ತೆ.

ಆಗಸ್ಟ್ 3, ನಮ್ಮ ಕೊಡಗಿನ ಕಕ್ಕಡ ತಿಂಗಳ 18ನೇ ದಿನ. ಆ ದಿನ ಮಾಡುವ ಮದ್ದುಸೊಪ್ಪಿನ ಪಾಯಸ ಮನೆಯಲ್ಲಿ ಆಗಿತ್ತು. ಮಾರನೇ ದಿನ ಬೆಳಿಗ್ಗೆ ಕೊಟ್ಟಿಗೆಗೆ ಹೋಗುವಾಗ ಪಾಚಿ ಮೇಲೆ ಅವ್ವನ ಕಾಲು ಜಾರಿತು. ವಯಸ್ಸು 78. ನಾನು ಓಡಿ ಹೋಗುವಾಗ ಎಡಗಾಲು ಬಲಗಾಲಿಗಿಂತ ಗಿಡ್ಡ ಕಾಣುತ್ತಿತ್ತು, ಪಾದ ಹೊರಗಡೆಗೆ ವಾಲಿತ್ತು. ಸೊಂಟ ಮುರಿದಿದೆ ಅಂತ ಹೇಳೋಕೆ ಯಾವ ಎಕ್ಸ್‌ರೇನೂ ಬೇಕಿರಲಿಲ್ಲ.

ಮೊದಲ ಥ್ಯಾಂಕ್ಸ್ ಚೇರಂಬಾಣೆ ಹತ್ತಿರ ರಸ್ತೆಗೆ ಬಿದ್ದಿದ್ದ ಮರ ಕೊಯ್ದ ಹುಡುಗರಿಗೆ. ಯಾರು ಫೋನ್ ಮಾಡಿದರೋ ಗೊತ್ತಿಲ್ಲ. ನಮ್ಮ ಆಂಬುಲೆನ್ಸ್ ಬರುವಷ್ಟರಲ್ಲಿ ಆ ಮಳೆಯಲ್ಲೇ ಮಿಷನ್ ಹಿಡಿದು ಒಂದು ಗಾಡಿ ಹೋಗುವಷ್ಟು ಜಾಗ ಬಿಡಿಸಿದ್ದರು. ಹೆಸರು ಕೇಳೋಕೂ ಪುರುಸೊತ್ತಾಗಲಿಲ್ಲ.

ಮಡಿಕೇರಿಯಲ್ಲಿ ಆಪರೇಷನ್ ಅಂತ ತೀರ್ಮಾನ ಆಯಿತು. ಅಲ್ಲಿಂದ ಶುರುವಾಗಿದ್ದು ನನ್ನ ಪುರಾಣ.

ನಾಲ್ಕು ವರ್ಷದ ಹಿಂದೆ ನನಗೆ ಹರ್ನಿಯಾ ಆಪರೇಷನ್ ಆಗಿತ್ತು, ಸ್ಪೈನಲ್ ಕೊಟ್ಟು, ಅಂದರೆ ಬೆನ್ನಿಗೆ ಸೂಜಿ ಹಾಕಿ ಕೆಳಗಿನ ಭಾಗ ಮಾತ್ರ ಮರಗಟ್ಟಿಸಿ. ಕೂರಿಸಿ, ಬೆನ್ನು ಬಗ್ಗಿಸಿ, ಸಣ್ಣ ಸೂಜಿ ಹಾಕಿದರು. ಕುಂಡೆ ಬೆಚ್ಚಗಾಯಿತು, ಆಮೇಲೆ ಕಾಲು ಎರಡೂ ಮರದ ದಿಮ್ಮಿ. ಹೊಟ್ಟೆ ಕೊಯ್ಯುತ್ತಿದ್ದಾರೆ, ನಾನು ಅವರ ಮಾತೆಲ್ಲ ಕೇಳಿಸಿಕೊಳ್ಳುತ್ತಾ ಆರಾಮಾಗಿ ಮಲಗಿದ್ದೆ. ಸಂಜೆ ಮೂತ್ರ ಕಟ್ಟಿಕೊಂಡು ಒದ್ದಾಡಿದ್ದು ಬೇರೆ ವಿಷಯ, ಅದನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ. ಒಟ್ಟಿನಲ್ಲಿ ನಾನು ಊರಿಗೇ ಸ್ಪೈನಲ್ ತಜ್ಞ. ಸಾಲದ್ದಕ್ಕೆ ನೆಂಟರೆಲ್ಲ ಫೋನ್ ಮಾಡಿ, 'ವಯಸ್ಸಾದವರಿಗೆ ಪೂರ್ತಿ ಮತ್ತು ಕೊಟ್ಟರೆ ಏಳಲ್ಲ, ಒಪ್ಪಬೇಡ' ಅಂದಿದ್ದರು. ಮತ್ತು ಕೊಡುವ ಅನಸ್ತೇಶಿಯಾ ಡಾಕ್ಟರು ಬಂದ ಕೂಡಲೇ ನಾನೇ ಹೇಳಿದೆ, 'ಸ್ಪೈನಲ್ ಕೊಡಿ ಮೇಡಂ, ಪೂರ್ತಿ ಪ್ರಜ್ಞೆ ತಪ್ಪಿಸುವ ಜನರಲ್ ಬೇಡ.'

ಅವರು ನನ್ನ ಮುಖ ನೋಡಲಿಲ್ಲ. ಅವ್ವನ ಮಾತ್ರೆ ಯಾವುದು ಅಂತ ಕೇಳಿದರು.

ಇಲ್ಲಿ ನನ್ನ ಹೆಂಡತಿಗೆ ಎರಡನೇ ಥ್ಯಾಂಕ್ಸ್. ಆ ಗಡಿಬಿಡಿಯಲ್ಲೂ ಅವಳು ಅವ್ವನ ಮಾತ್ರೆಗಳನ್ನೆಲ್ಲ ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡು ಬಂದಿದ್ದಳು. ಅದರಲ್ಲಿ ಕ್ಲೋಪಿಡೋಗ್ರೆಲ್ ಇತ್ತು, ಸ್ಟೆಂಟ್ ಹಾಕಿದಾಗ ಕೊಟ್ಟ ರಕ್ತ ತೆಳು ಮಾಡುವ ಮಾತ್ರೆ. ಡಾಕ್ಟರು ಆ ಸ್ಟ್ರಿಪ್ ಹಿಡಿದುಕೊಂಡೇ ನನ್ನನ್ನು ಬೆಂಚಿನ ಮೇಲೆ ಕೂರಿಸಿ ಮಾತಾಡಿದರು.

'ನೋಡಿ, ಇದನ್ನು ತಗೊಳ್ಳುವವರಿಗೆ ಬೆನ್ನಿಗೆ ಸೂಜಿ ಹಾಕಿದರೆ ಒಳಗೆ ರಕ್ತ ಜಿನುಗಿ ಗಡ್ಡೆ ಕಟ್ಟಬಹುದು. ಅದು ನರ ಒತ್ತಿದರೆ ಕಾಲಿನ ಸ್ವಾಧೀನವೇ ಹೋಗಬಹುದು. ಮಾತ್ರೆ ನಿಲ್ಲಿಸಿ ಐದಾರು ದಿನ ಕಾದರೆ ಸ್ಪೈನಲ್ ಕೊಡಬಹುದು. ಆದರೆ ಮುರಿದ ಸೊಂಟ ಇಟ್ಟುಕೊಂಡು ಅಷ್ಟು ದಿನ ಮಲಗಿದರೆ ಕಫ ಕಟ್ಟುತ್ತೆ, ಬೆನ್ನು ಹುಣ್ಣಾಗುತ್ತೆ. ಯಾವುದು ಜಾಸ್ತಿ ಅಪಾಯ, ನೀವೇ ಹೇಳಿ.'

ನಾನು ಏನು ಹೇಳೋದು?

ನೆಂಟರ ಮಾತನ್ನೂ ಅವರು ತಳ್ಳಿಹಾಕಲಿಲ್ಲ. 2021ರಲ್ಲಿ ಅಮೆರಿಕ, ಕೆನಡಾದಲ್ಲಿ ಸೊಂಟ ಮುರಿದ 1,600 ಜನರ ಮೇಲೆ ನಡೆದ ಅಧ್ಯಯನದ ವಿಷಯ ಹೇಳಿದರು. ಎಲ್ಲರೂ 50 ದಾಟಿದವರು. ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ಸ್ಪೈನಲ್, ಅರ್ಧ ಜನಕ್ಕೆ ಜನರಲ್. 60 ದಿನ ಬಿಟ್ಟು ನೋಡಿದರೆ, ತೀರಿಕೊಂಡವರು ಮತ್ತು ಇನ್ನೊಬ್ಬರ ಸಹಾಯ ಇಲ್ಲದೆ ನಡೆಯೋಕಾಗದವರು ಸೇರಿ ಸ್ಪೈನಲ್‌ನಲ್ಲಿ ನೂರಕ್ಕೆ 18.5, ಜನರಲ್‌ನಲ್ಲಿ 18. ಅಂದರೆ ಹೆಚ್ಚುಕಡಿಮೆ ಒಂದೇ. ಅಷ್ಟು ವರ್ಷ ನಾನು ಹೊತ್ತು ತಿರುಗಿದ ನಂಬಿಕೆ ಆ ಬೆಂಚಿನ ಮೇಲೇ ಇಳಿಯಿತು.

ಮಾರನೇ ದಿನ ಮಧ್ಯಾಹ್ನ ಜನರಲ್ ಕೊಟ್ಟೇ ಆಪರೇಷನ್ ಆಯಿತು. ಗಂಟಲಲ್ಲಿ ಟ್ಯೂಬ್ ಇಟ್ಟಿದ್ದರಿಂದ ಎರಡು ದಿನ ಅವ್ವನ ದನಿ ಕಪ್ಪೆ ವಟಗುಟ್ಟಿದ ಹಾಗಿತ್ತು. ಆಪರೇಷನ್ ಮುಗಿಯುವ ತನಕ ಆ ಡಾಕ್ಟರು ಅವ್ವನ ತಲೆ ಹತ್ತಿರವೇ ಇದ್ದು ಉಸಿರು, ಬಿಪಿ ನೋಡಿಕೊಳ್ಳುತ್ತಿದ್ದರಂತೆ. ಇದು ನನಗೆ ಗೊತ್ತೇ ಇರಲಿಲ್ಲ. ಇಂಜೆಕ್ಷನ್ ಕೊಟ್ಟು ಹೊರಟುಹೋಗುತ್ತಾರೆ ಅಂದುಕೊಂಡಿದ್ದೆ.

ನಗು ಬಂದ ಒಂದು ಪ್ರಸಂಗವೂ ಹೇಳಬೇಕು. ಬಂದ ದಿನವೇ ಅವ್ವನ ಮೂತ್ರದ ಚೀಲ ಕೆಂಪಾಗಿತ್ತು. ಹೊರಗಿನಿಂದ ಬಂದ ಚಿಕ್ಕ ನರ್ಸ್ ಗಾಬರಿಯಾಗಿ ಓಡಾಡಿದಳು. ವಾರ್ಡಿನ ಆಯಾ ಕ್ಯಾಲೆಂಡರ್ ಕಡೆ ಕೈ ತೋರಿಸಿ, 'ನಿನ್ನೆ ಕಕ್ಕಡ ಹದಿನೆಂಟು ಅಲ್ವಾ, ಪಾಯಸ ತಿಂದಿದ್ದಾರೆ' ಅಂದರು. ಮದ್ದುಸೊಪ್ಪು ತಿಂದರೆ ಮೂತ್ರ ಕೆಂಪಾಗೋದು ಕೊಡಗಿನ ಮಕ್ಕಳಿಗೂ ಗೊತ್ತು. ಆದರೂ ಡಾಕ್ಟರು ಪರೀಕ್ಷೆಗೆ ಕಳಿಸಿ ನೋಡಿದ ಮೇಲೇ ಸಮಾಧಾನ ಆಗಿದ್ದು.

ಅದೇ ಚಿಕ್ಕ ನರ್ಸಿಗೆ ನನ್ನ ದೊಡ್ಡ ಥ್ಯಾಂಕ್ಸ್. ಆಪರೇಷನ್ ಆದ ಎರಡನೇ ರಾತ್ರಿ ಅವ್ವನಿಗೆ ದಿಕ್ಕು ತಪ್ಪಿತು. 'ಗದ್ದೆಗೆ ನೀರು ಜಾಸ್ತಿ ಬಂತು, ಬದು ಒಡೀತದೆ' ಅಂತ ಡ್ರಿಪ್ ಕೀಳೋಕೆ ಹೋದಳು. ನನ್ನನ್ನು ಸತ್ತುಹೋದ ಮಾವ ಅಂದುಕೊಂಡಳು. ನನಗೆ ಮತ್ತೆ ಸಿಟ್ಟು, ಜನರಲ್ ಕೊಟ್ಟಿದ್ದಕ್ಕೇ ಹೀಗೆ ಅಂತ. ಆ ಹುಡುಗಿ ಸುಮ್ನೆ ದೀಪ ಹಾಕಿದಳು, ಕನ್ನಡಕ ಹಾಕಿಸಿದಳು, ಕಿವಿಯ ಮಿಷನ್ ಇಟ್ಟಳು. 'ಅಜ್ಜಿ, ನೀರು ನಾನು ಬಿಟ್ಟು ಬಂದೆ, ನೀವು ಮಲಗಿ' ಅಂದಳು. ಅವ್ವ ಮಲಗಿದಳು. ಬೆಳಿಗ್ಗೆ ಡಾಕ್ಟರು ಹೇಳಿದರು, ಈ ಗೊಂದಲ ಸ್ಪೈನಲ್ ಕೊಟ್ಟಿದ್ದರೂ ಬರಬಹುದಿತ್ತು, ಅದೇ ಅಧ್ಯಯನದಲ್ಲಿ ಎರಡೂ ಕಡೆ ಐವರಲ್ಲಿ ಒಬ್ಬರಿಗೆ ಬಂದಿದೆ ಅಂತ. ಮೂರನೇ ದಿನಕ್ಕೆ ಸರಿಹೋಯಿತು.

ಡಿಸ್ಚಾರ್ಜ್ ದಿನ ಮೂಳೆ ಡಾಕ್ಟರಿಗೆ ಕಾಫಿ ಪುಡಿ, ಕಾಳುಮೆಣಸು ಕೊಟ್ಟು ಬಂದೆ. ಅನಸ್ತೇಶಿಯಾ ಡಾಕ್ಟರ ನೆನಪೇ ಆಗಲಿಲ್ಲ. ನೆನಪು ಮಾಡಿದ್ದು ಅವ್ವ, ಅದೂ ಮನೆಗೆ ಬಂದು ತಿಂಗಳಾದ ಮೇಲೆ. 'ಮಾಸ್ಕ್ ಇಡುವಾಗ ಒಬ್ಬಳು ನನ್ನ ಕೈ ಹಿಡ್ಕೊಂಡಿದ್ದಳು ನೋಡು, ಅವಳ ಮುಖ ನಾನು ನೋಡ್ಲೇ ಇಲ್ಲ.'

ಮುಂದಿನ ವಾರ ಚೆಕಪ್. ಹುತ್ತರಿ ಹಬ್ಬದ ಹೊತ್ತಿಗೆ ವಾಕರ್ ಬಿಡಬೇಕು ಅಂತ ಅವ್ವನ ಹಟ. ಜೇನಿನ ಎರಡು ಬಾಟಲಿ ತೊಳೆದು ಒಣಗಿಸಿ ಇಟ್ಟಿದ್ದಾಳೆ. ಒಂದು ಮುಖ ನೋಡದವಳಿಗಂತೆ, ಇನ್ನೊಂದು ಗದ್ದೆಗೆ ನೀರು ಬಿಟ್ಟವಳಿಗೆ.