ಅಂತರಂಗದ ಕರೆ ಮತ್ತು ಮನಸ್ಸಾಕ್ಷಿ ಒಂದೇ ಅಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಇತ್ತೀಚೆಗೆ ಪ್ರಕಟವಾದ ‘ದೈವಕರೆ’ ಎಂಬ ಚಿಂತನ ಲೇಖನವನ್ನು ಓದಿದೆ. ಕ್ರೈಸ್ತರು ‘ದೇವರ ಅಂತರಂಗದ ಕರೆ’ ಎನ್ನುವುದು ಪ್ರತಿಯೊಬ್ಬ ಮನುಷ್ಯನೊಳಗೂ ಇರುವ ಮನಸ್ಸಾಕ್ಷಿಗೆ ಅವರು ಇಟ್ಟುಕೊಂಡ ಹೆಸರಷ್ಟೇ ಎಂದೂ, 16ನೆಯ ಶತಮಾನದ ಕ್ರೈಸ್ತ ಸುಧಾರಕ ಕ್ಯಾಲ್ವಿನ್ ಮತ್ತು ಅವನ ಅನುಯಾಯಿಗಳು ಆ ದನಿಯನ್ನು ಕೆಲವರಿಗೆ ಮೀಸಲಿಟ್ಟು ಮನುಷ್ಯನನ್ನು ಸೂತ್ರದ ಬೊಂಬೆ ಮಾಡಿದರೆಂದೂ ಅದರಲ್ಲಿ ಬರೆಯಲಾಗಿದೆ. ಜೊತೆಗೆ, ಕಿವಿಗೆ ಅಂಗೈ ಹಿಡಿದು ಆಕಾಶದ ಕಡೆ ನೋಡುತ್ತಿರುವ ಒಬ್ಬ ಮನುಷ್ಯನ ಚಿತ್ರವೂ ಇತ್ತು. ಎಲ್ಲ ಧರ್ಮಗಳೂ ಹೇಳುವುದು ಒಂದನ್ನೇ ಎಂದು ತೋರಿಸಬೇಕೆಂಬ ಸದುದ್ದೇಶದಿಂದಲೇ ಲೇಖಕರು ಹೀಗೆ ಬರೆದಿದ್ದಾರೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅವರ ಎರಡು ಮಾತುಗಳೂ ಸರಿಯಲ್ಲ. ನಮ್ಮ ಸಭೆಯ ಸಂಡೇ ಸ್ಕೂಲಿನಲ್ಲಿ ಬಹಳ ವರ್ಷ ಪಾಠ ಹೇಳಿದವನಾದ್ದರಿಂದ, ಈ ಬಗ್ಗೆ ನನಗೆ ತಿಳಿದಷ್ಟನ್ನು ಬರೆಯುವುದು ಕರ್ತವ್ಯವೆನಿಸಿತು.

ಮನಸ್ಸಾಕ್ಷಿಯ ಬಗ್ಗೆ ಸತ್ಯವೇದದಲ್ಲಿ ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಮಾತನಾಡುತ್ತಾನೆ. ಮೋಶೆಯ ಧರ್ಮಶಾಸ್ತ್ರವನ್ನು ಕಾಣದ ಜನರಲ್ಲೂ ಅದು ಇದೆ, ಅವರ ಆಲೋಚನೆಗಳೇ ಒಮ್ಮೆ ಅವರ ಮೇಲೆ ತಪ್ಪು ಹೊರಿಸುತ್ತವೆ, ಇನ್ನೊಮ್ಮೆ ಅವರ ಪರವಾಗಿ ವಾದಿಸುತ್ತವೆ ಎನ್ನುತ್ತಾನೆ. ಅದು ನ್ಯಾಯಾಲಯದ ಭಾಷೆ. ಕರೆಯ ಮಾತು ಬರುವುದು ಅದೇ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ, ಬೇರೆಯದೇ ಸಂದರ್ಭದಲ್ಲಿ. ದೇವರು ಯಾರನ್ನು ಮೊದಲೇ ನೇಮಿಸಿದನೋ ಅವರನ್ನು ಕರೆದನು, ಕರೆದವರನ್ನು ನೀತಿವಂತರೆಂದು ಎಣಿಸಿದನು, ಹಾಗೆ ಎಣಿಸಿದವರನ್ನು ಮಹಿಮೆಗೆ ಸೇರಿಸಿದನು ಎಂದು ಪೌಲನು ಅಲ್ಲಿ ಕೊಂಡಿಗೆ ಕೊಂಡಿ ಹಾಕಿ ಸರಪಣಿ ಹೆಣೆಯುತ್ತಾನೆ. ಆ ಸರಪಣಿಯಲ್ಲಿ ಕರೆಸಿಕೊಂಡ ಒಬ್ಬನೂ ನಡುವೆ ಉದುರಿಹೋಗುವುದಿಲ್ಲ. ಆದರೆ ಮತ್ತಾಯನ ಸುವಾರ್ತೆಯ 22ನೆಯ ಅಧ್ಯಾಯದಲ್ಲಿ ಅರಸನ ಮಗನ ಮದುವೆಯೂಟಕ್ಕೆ ಕರೆ ಹೋದವರು ಅದನ್ನು ಅಲಕ್ಷ್ಯ ಮಾಡಿ, ಒಬ್ಬನು ತನ್ನ ಹೊಲಕ್ಕೆ, ಇನ್ನೊಬ್ಬನು ತನ್ನ ವ್ಯಾಪಾರಕ್ಕೆ ಎಂದು ಹೊರಟುಹೋಗುತ್ತಾರೆ. ಕರೆಯಲ್ಪಟ್ಟವರು ಬಹು ಮಂದಿ, ಆಯ್ಕೆಯಾದವರು ಕೆಲವರೇ ಎಂದು ಯೇಸು ಆ ಸಾಮ್ಯದ ಕಥೆಯನ್ನು ಮುಗಿಸುತ್ತಾನೆ. ಒಂದು ಕಡೆ ಕರೆ ಎಂದೂ ವ್ಯರ್ಥವಾಗದು, ಇನ್ನೊಂದು ಕಡೆ ಬಹುಪಾಲು ವ್ಯರ್ಥವೇ. ಈ ಎರಡು ಮಾತುಗಳನ್ನು ಒಟ್ಟಿಗೆ ಇಟ್ಟು ಓದಬೇಕಾಗಿ ಬಂದದ್ದರಿಂದಲೇ ಸಭೆಯ ಪಂಡಿತರು ಹೊರಗಿನ ಕರೆ, ಒಳಗಿನ ಕರೆ ಎಂಬ ವಿಂಗಡಣೆಗೆ ಬಂದರು. ಸುವಾರ್ತೆಯನ್ನು ಕಿವಿಗೆ ಬೀಳುವಂತೆ ಸಾರುವುದು ಹೊರಗಿನ ಕರೆ. ಅದೇ ಮಾತು ಕೇಳುವವನ ಎದೆಯೊಳಗೆ ಹೊಕ್ಕು ಅವನನ್ನು ಎಬ್ಬಿಸುವಂತೆ ಪವಿತ್ರಾತ್ಮನು ಮಾಡುವ ಕೆಲಸ ಒಳಗಿನದು.

ಇದಕ್ಕೆ ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಫಿಲಿಪ್ಪಿ ಪಟ್ಟಣದ ಊರಬಾಗಿಲಿನ ಹೊರಗೆ, ಹೊಳೆಯ ದಡದಲ್ಲಿ ಪ್ರಾರ್ಥನೆಗೆಂದು ಕೂಡಿದ್ದ ಹೆಂಗಸರ ನಡುವೆ ಪೌಲ ಮತ್ತು ಅವನ ಜೊತೆಗಾರರು ಕೂತು ಮಾತನಾಡುತ್ತಾರೆ. ವೇದಿಕೆಯಿಲ್ಲ, ಎತ್ತರದ ದನಿಯಿಲ್ಲ. ಅವರಲ್ಲಿ ಲುದ್ಯ ಎಂಬವಳೊಬ್ಬಳು ಥುವತೈರದಿಂದ ಬಂದವಳು, ಬೆಲೆಬಾಳುವ ಕೆನ್ನೀಲಿ ಬಟ್ಟೆಯ ವ್ಯಾಪಾರಿ, ಮೊದಲೇ ದೈವಭಕ್ತೆ. ಅವಳು ಪೌಲನ ಮಾತಿಗೆ ಗಮನ ಕೊಡುವಂತೆ ಕರ್ತನು ಅವಳ ಹೃದಯವನ್ನು ತೆರೆದನು ಎಂದು ಆ ಪುಸ್ತಕ ಬರೆದ ಲೂಕನು ಒಂದೇ ವಾಕ್ಯದಲ್ಲಿ ಬರೆದು ಮುಂದೆ ಹೋಗುತ್ತಾನೆ. ಗಮನಿಸಬೇಕಾದದ್ದು ಇಷ್ಟು: ಲುದ್ಯಳಿಗೆ ಬೇರೆ ದನಿ ಕೇಳಿಸಿತೆಂದು ಅಲ್ಲಿಲ್ಲ. ಉಳಿದ ಹೆಂಗಸರ ಕಿವಿಗೆ ಬಿದ್ದ ಮಾತೇ ಅವಳ ಕಿವಿಗೂ ಬಿತ್ತು. ತೆರೆದದ್ದು ಹೃದಯ, ತೆರೆದವನು ಕರ್ತನು, ತೆರೆದದ್ದರ ಫಲ ಆ ಮಾತಿಗೇ ಗಮನ. ಹಾಗಿರುವಾಗ ಒಳಗಿನ ಕರೆ ಎನ್ನುವುದು ಹೊರಗಿನ ಮಾತಿಗೆ ಪರ್ಯಾಯವಾದ ಯಾವುದೋ ಗುಪ್ತ ಸಂದೇಶವಲ್ಲ, ನಡುರಾತ್ರಿಯ ಕನಸೂ ಅಲ್ಲ.

ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಮನೆಗಳಲ್ಲಿ ಮಕ್ಕಳು ತಲೆಮಾರುಗಳಿಂದ ಬಾಯಿಪಾಠ ಮಾಡಿದ ವೆಸ್ಟ್‌ಮಿನ್‌ಸ್ಟರ್ ಕಿರು ಪ್ರಶ್ನೋತ್ತರದ (ನಂಬಿಕೆಯನ್ನು ಪ್ರಶ್ನೆ, ಉತ್ತರಗಳಲ್ಲಿ ಕಲಿಸುವ ಪುಸ್ತಕದ) 31ನೆಯ ಪ್ರಶ್ನೆ ಇದನ್ನೇ ಕೇಳುತ್ತದೆ. 1640ರ ದಶಕದಲ್ಲಿ ಸಿದ್ಧವಾದ ಆ ಉತ್ತರದ ಪ್ರಕಾರ ದೇವರಾತ್ಮನು ನಮ್ಮ ಪಾಪ ಮತ್ತು ದುರವಸ್ಥೆಯನ್ನು ನಮಗೇ ಮನಗಾಣಿಸಿ, ಕ್ರಿಸ್ತನನ್ನು ಅರಿಯುವಂತೆ ಬುದ್ಧಿಯನ್ನು ಬೆಳಗಿಸಿ, ಇಚ್ಛೆಯನ್ನು ಹೊಸದಾಗಿಸಿ, ಸುವಾರ್ತೆಯಲ್ಲಿ ಉಚಿತವಾಗಿ ನೀಡಲಾಗುತ್ತಿರುವ ಕ್ರಿಸ್ತನನ್ನು ಅಪ್ಪಿಕೊಳ್ಳುವಂತೆ ನಮ್ಮನ್ನು ಒಡಂಬಡಿಸುತ್ತಾನೆ, ಅದಕ್ಕೆ ಬೇಕಾದ ಶಕ್ತಿಯನ್ನೂ ಕೊಡುತ್ತಾನೆ. ಮನಸ್ಸಾಕ್ಷಿ ಮಾಡಬಲ್ಲದ್ದು ಹೆಚ್ಚೆಂದರೆ ಇದರ ಮೊದಲ ಭಾಗದ ಅರ್ಧದಷ್ಟು. ‘ನೀನು ತಪ್ಪಿತಸ್ಥ’ ಎಂದು ಅದು ಹೇಳಬಲ್ಲದು, ‘ಬಾ’ ಎಂದು ಹೇಳಲಾರದು.

ಒಂದು ಮನೆಯ ಮಾತು ಹೇಳಲು ಅನುಮತಿಯಿರಲಿ. ನನ್ನ ತಾಯಿಗೆ ಓದಲು ಬರುತ್ತಿರಲಿಲ್ಲ. ರಾತ್ರಿ ಊಟವಾದ ಮೇಲೆ ತಂದೆ ಕಂದೀಲಿನ ಬೆಳಕಿನಲ್ಲಿ ಸತ್ಯವೇದದ ಒಂದು ಅಧ್ಯಾಯ ಓದುತ್ತಿದ್ದರು. ತಾಯಿ ಅಕ್ಕಿ ಆರಿಸುತ್ತಲೋ ಸೊಪ್ಪು ಸೋಸುತ್ತಲೋ ಕೇಳುತ್ತಿದ್ದರು. ಒಂದು ರಾತ್ರಿ ಯೆಶಾಯನ 43ನೆಯ ಅಧ್ಯಾಯ ಬಂತು. ಭಯಪಡಬೇಡ, ನಿನ್ನ ಹೆಸರು ಹಿಡಿದು ಕರೆದಿದ್ದೇನೆ, ನೀನು ನನ್ನವನು ಎಂಬ ಅರ್ಥದ ಮಾತನ್ನು ಓದಿ ತಂದೆ ಮುಂದಕ್ಕೆ ಹೋಗುತ್ತಿದ್ದಾಗ ತಾಯಿಯ ಕೈ ಮೊರದಲ್ಲೇ ನಿಂತಿತು. ‘ಇದು ಮೊದ್ಲಿಂದನೂ ಇಲ್ಲೇ ಇತ್ತೇನ್ರಿ? ಇನ್ನೊಮ್ಮೆ ಓದ್ರಿ’ ಎಂದರು. ‘ಹ್ವಾದ ವರ್ಷನೂ ಇದನ್ನ ಓದೇನಲ್ಲ’ ಎಂದು ತಂದೆ ಕನ್ನಡಕದ ಮೇಲಿಂದ ನೋಡಿದರು. ಆಮೇಲೆ ಇನ್ನೊಮ್ಮೆ ಓದಿದರು. ಆ ರಾತ್ರಿ ಉಳಿದ ಅಕ್ಕಿ ಹಾಗೇ ಉಳಿಯಿತು. ಅಂದು ನಡೆದದ್ದು ಸಿದ್ಧಾಂತದ ಪ್ರಕಾರ ಕರೆಯೇ, ಬರಿ ಸಮಾಧಾನವೇ ಎಂದು ತೀರ್ಪು ಕೊಡಲು ನಾನು ಯಾರೂ ಅಲ್ಲ. ಆದರೆ ಸಂಡೇ ಸ್ಕೂಲಿನ ಮಕ್ಕಳು ‘ಒಳಗಿನ ಕರೆ ಅಂದರೆ ಏನು’ ಎಂದು ಕೇಳಿದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಆ ನಿಂತ ಕೈ.

ಚರಿತ್ರೆಯಲ್ಲಿ ದಾಖಲಾದ ದೊಡ್ಡ ಸಂದರ್ಭಗಳ ಸ್ವರೂಪವೂ ಇದೇ. 386ರಲ್ಲಿ ಮಿಲಾನಿನ ತೋಟದಲ್ಲಿ ಅಳುತ್ತಿದ್ದ, ಮುಂದೆ ಸಭೆಯ ದೊಡ್ಡ ಪಂಡಿತನಾದ ಆಗಸ್ಟೀನನಿಗೆ ಕೇಳಿಸಿದ್ದು ಪಕ್ಕದ ಮನೆಯ ಕಡೆಯಿಂದ ಮಗುವೊಂದು ‘ತೆಗೆದು ಓದು’ ಎಂದು ರಾಗವಾಗಿ ಹೇಳುತ್ತಿದ್ದ ಮಾತು. ಅದು ಹುಡುಗನ ದನಿಯೋ ಹುಡುಗಿಯ ದನಿಯೋ ತನಗೆ ತಿಳಿಯಲಿಲ್ಲವೆಂದೂ ಅವನು ಬರೆದಿದ್ದಾನೆ. ಅವನನ್ನು ಬದಲಿಸಿದ್ದು ಆಮೇಲೆ ತೆರೆದು ಓದಿದ, ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಸಾಲು. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟಕ್ಕೆ ಮನಸ್ಸಿಲ್ಲದೆ ಹೋಗಿದ್ದ, ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಗೆ, ಅದೇ ಪತ್ರಿಕೆಗೆ ಜರ್ಮನಿಯ ಸುಧಾರಕ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದಾಗ, ಒಂಬತ್ತಕ್ಕೆ ಸುಮಾರು ಕಾಲು ಗಂಟೆ ಇರುವಾಗ, ಎದೆ ವಿಚಿತ್ರವಾಗಿ ಬೆಚ್ಚಗಾಯಿತು. ಎರಡು ಕಡೆಯೂ ಮಾತು ಹೊರಗಿನಿಂದಲೇ ಬಂತು.

ಇನ್ನು ಸೂತ್ರದ ಬೊಂಬೆಯ ಆರೋಪ. ಕರೆಗೆ ಓಗೊಡುವಂತೆ ಮಾಡುವುದು ದೇವರ ಕೃಪೆಯೇ ಎಂಬ ವಿಚಾರ ಕ್ಯಾಲ್ವಿನನಿಂದ ಹುಟ್ಟಿದ್ದಲ್ಲ. ಅವಳಿ ಮಕ್ಕಳಲ್ಲಿ ದೇವರು ಯಾಕೋಬನನ್ನು ಆರಿಸಿ ಏಸಾವನನ್ನು ಬಿಟ್ಟದ್ದೇಕೆ ಎಂಬ ಪ್ರಶ್ನೆಗೆ ಆಗಸ್ಟೀನ್ 396ರ ಸುಮಾರಿಗೆ ಮಿಲಾನಿನ ಪಾದ್ರಿ ಸಿಂಪ್ಲಿಸಿಯಾನಸ್‌ಗೆ ಉತ್ತರ ಬರೆಯಲು ಕೂತಾಗ, ಮನುಷ್ಯನ ಸ್ವತಂತ್ರ ಇಚ್ಛೆಯನ್ನು ಉಳಿಸಲು ತಾನು ಹೆಣಗಿದೆನೆಂದೂ ಕೊನೆಗೆ ಕೃಪೆಯೇ ಗೆದ್ದಿತೆಂದೂ ವೃದ್ಧಾಪ್ಯದಲ್ಲಿ ತಾನೇ ನೆನೆದುಕೊಂಡಿದ್ದಾನೆ. ನಂಬಿಕೆಯ ಮೊದಲ ಚಿಗುರು ಕೂಡ ಕೃಪೆಯದೇ ಎಂದು 529ರಲ್ಲಿ ಇಂದಿನ ಫ್ರಾನ್ಸಿನ ಆರೆಂಜ್ ಊರಿನಲ್ಲಿ ಕೂಡಿದ ಸಭೆ ತೀರ್ಮಾನಿಸಿತು. ಜಗಳ ಮತ್ತೆ ಕೆದರಿದ್ದು ಹಾಲೆಂಡಿನಲ್ಲಿ. ಮೊದಲ ಕ್ರೈಸ್ತ ಹುತಾತ್ಮ ಸ್ತೆಫನನು ತನ್ನ ನ್ಯಾಯಾಧಿಪತಿಗಳಿಗೆ ‘ನೀವು ಪವಿತ್ರಾತ್ಮನನ್ನು ಯಾವಾಗಲೂ ಎದುರಿಸುತ್ತೀರಿ’ ಎಂದು ಹೇಳಲಿಲ್ಲವೇ, ಹಾಗಾದರೆ ಕೃಪೆಯನ್ನು ತಡೆಯಲಾಗದೆಂದು ಹೇಗೆ ಹೇಳುತ್ತೀರಿ ಎಂದು ಡಚ್ ಪಂಡಿತ ಆರ್ಮಿನಿಯಸ್‌ನ ಕಡೆಯವರು 1610ರಲ್ಲಿ ವಾದಿಸಿದರು. ಅವರಿಗೆ ಉತ್ತರ ಕೊಡಲು 1618ರ ನವೆಂಬರ್‌ನಿಂದ 1619ರ ಮೇ ವರೆಗೆ ಡೋರ್ಡ್‌ರೆಕ್ಟ್ ಊರಿನಲ್ಲಿ ಕೂಡಿದ ಸಭೆಯು, ಒಳಗಿನ ಕರೆ ಗುರಿ ತಪ್ಪದು ಎಂದಿತು. ಆದರೆ ಅದೇ ಉಸಿರಿನಲ್ಲಿ, ಈ ಕೃಪೆ ಮನುಷ್ಯರನ್ನು ಕಲ್ಲು, ಮರದ ದಿಮ್ಮಿಗಳೆಂಬಂತೆ ನಡೆಸಿಕೊಳ್ಳುವುದಿಲ್ಲ, ಇಚ್ಛೆಯನ್ನು ಅಳಿಸಿಹಾಕುವುದಿಲ್ಲ, ಬಲವಂತ ಮಾಡುವುದಿಲ್ಲ, ಬದಲಿಗೆ ಅದನ್ನು ಬದುಕಿಸಿ, ವಾಸಿಮಾಡಿ, ಮೃದುವಾಗಿಯೂ ಬಲವಾಗಿಯೂ ತಿರುಗಿಸುತ್ತದೆ ಎಂದೂ ಬರೆಯಿತು. ಒಪ್ಪುವುದು ಬಿಡುವುದು ಬೇರೆ. ಬೊಂಬೆಯ ಆಕ್ಷೇಪವನ್ನು ಅವರು ನಾಲ್ಕು ಶತಮಾನಗಳ ಹಿಂದೆಯೇ ಕೇಳಿಸಿಕೊಂಡಿದ್ದರು ಎಂಬುದನ್ನಾದರೂ ಲೇಖಕರು ತಿಳಿಸಬೇಕಿತ್ತು.

ಕನ್ನಡ ಓದುಗರಿಗೆ ಈ ವಾದ ಅಪರಿಚಿತವೂ ಅಲ್ಲ. ತಾಯಿಯನ್ನು ತಾನೇ ಅವುಚಿ ಹಿಡಿದುಕೊಳ್ಳುವ ಮಂಗನ ಮರಿಯ ನ್ಯಾಯ, ತಾಯಿಯೇ ಬಾಯಲ್ಲಿ ಕಚ್ಚಿ ಎತ್ತೊಯ್ಯುವ ಬೆಕ್ಕಿನ ಮರಿಯ ನ್ಯಾಯ ಎಂದು ಶ್ರೀವೈಷ್ಣವರಲ್ಲಿ ವಡಗಲೈ, ತೆಂಗಲೈ ಪಂಥದವರು ಕೃಪೆಯ ಕುರಿತು ನಡೆಸಿದ ಚರ್ಚೆ ನಮ್ಮಲ್ಲಿ ಅನೇಕರಿಗೆ ಗೊತ್ತು. ಹೋಲಿಕೆ ಉಪಯುಕ್ತ, ಆದರೆ ಪೂರ್ತಿ ಹೊಂದುವುದಿಲ್ಲ. ಬೆಕ್ಕಿನ ಮರಿ ಕಡೇಪಕ್ಷ ಮಿಯಾಂವ್ ಎನ್ನುತ್ತದೆ. ಡೋರ್ಡ್‌ರೆಕ್ಟಿನವರ ಮರಿಗೆ ಅದಕ್ಕೂ ಉಸಿರಿಲ್ಲ. ಅವರಿಗೆ ಪ್ರಿಯವಾದ ಚಿತ್ರ ನಾಲ್ಕು ದಿನ ಸಮಾಧಿಯಲ್ಲಿದ್ದು ಯೇಸುವಿನ ಕರೆಗೆ ಎದ್ದುಬಂದ ಲಾಜರನದು. ‘ಹೊರಗೆ ಬಾ’ ಎಂಬ ಕರೆಯೇ ಕೇಳುವ ಕಿವಿಯನ್ನೂ ಕೊಟ್ಟಿತು, ಆದರೆ ನಡೆದು ಬಂದವನು ಲಾಜರನೇ.

ಎಲ್ಲ ಕ್ರೈಸ್ತರೂ ಇಲ್ಲಿಯವರೆಗೆ ಬರುವುದಿಲ್ಲ. ದೇವರೇ ಮೊದಲು ಮುಟ್ಟುತ್ತಾನಾದರೂ ಮನುಷ್ಯನು ಆ ಸ್ಪರ್ಶವನ್ನು ತಳ್ಳಿಹಾಕಬಲ್ಲನು ಎಂದು ಕಥೋಲಿಕರು 1547ರಲ್ಲಿ ಟ್ರೆಂಟ್ ಸಭೆಯಲ್ಲಿ ಹೇಳಿದರು. ಎಲ್ಲರಿಗೂ ಮುಂಚಿತವಾಗಿ ಬರುವ ಕೃಪೆಯೊಂದುಂಟು ಎಂದು ವೆಸ್ಲಿ ಕಲಿಸಿದನು. ಲೂಥರ್ 1529ರ ತನ್ನ ಚಿಕ್ಕ ಪ್ರಶ್ನೋತ್ತರದಲ್ಲಿ, ನನ್ನ ಸ್ವಂತ ಬುದ್ಧಿಯಿಂದಾಗಲಿ ಬಲದಿಂದಾಗಲಿ ನಾನು ಯೇಸುವಿನ ಬಳಿಗೆ ಬರಲಾರೆ, ಪವಿತ್ರಾತ್ಮನೇ ನನ್ನನ್ನು ಸುವಾರ್ತೆಯ ಮೂಲಕ ಕರೆದನು ಎಂದಷ್ಟೇ ಬರೆದನು. ಅದರಾಚೆಗೆ, ಒಬ್ಬನು ಬಂದು ಇನ್ನೊಬ್ಬನು ಬಾರದಿರುವುದೇಕೆ ಎಂಬ ಪ್ರಶ್ನೆಯ ಬಾಗಿಲನ್ನು ಲೂಥರನ್ನರು ಮುಚ್ಚಿಯೇ ಇಟ್ಟರು. 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರೆಗೇಷನಲ್ ಪರಂಪರೆಗಳು ಕೂಡಿ ದಕ್ಷಿಣ ಭಾರತ ಸಭೆಯಾದ ಮೇಲೆ ನಮ್ಮಲ್ಲಿ ವೆಸ್ಲಿಯ ವಾರಸುದಾರರೂ ಕ್ಯಾಲ್ವಿನನ ವಾರಸುದಾರರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಬಹುಮಂದಿಗೆ ತಾವು ಯಾರ ವಾರಸುದಾರರೆಂಬುದೇ ಗೊತ್ತಿಲ್ಲ ಎಂಬುದು ನನ್ನ ದೂರು. ನಾನಾದರೋ ಲೂಥರನ ಆ ವಾಕ್ಯದಲ್ಲಿ ನಿಲ್ಲುತ್ತೇನೆ. ಬಂದವನು ತನ್ನ ಬರುವಿಕೆಗೆ ತನ್ನನ್ನೇ ಹೊಗಳಿಕೊಳ್ಳದಂತೆ ಅದು ಕಾಯುತ್ತದೆ. ಬಾರದವನ ಬಗ್ಗೆ ತೀರ್ಪು ಬರೆಯುವ ಲೇಖನಿಯನ್ನು ನಮ್ಮ ಕೈಗೆ ಕೊಡುವುದಿಲ್ಲ. ವೆಸ್ಟ್‌ಮಿನ್‌ಸ್ಟರಿನ ಗಡಸು ಪಂಡಿತರು ಕೂಡ, ದೇವರು ಆರಿಸಿಕೊಂಡವರಲ್ಲಿ ಬಾಲ್ಯದಲ್ಲೇ ಸಾಯುವ ಮಕ್ಕಳನ್ನೂ, ವಾಕ್ಯದ ಸಾರುವಿಕೆಯಿಂದ ಹೊರಗಿನ ಕರೆಯನ್ನು ಪಡೆಯಲಾರದ ಇತರರನ್ನೂ ಆತ್ಮನು ತನಗೆ ಇಷ್ಟಬಂದಾಗ, ಇಷ್ಟಬಂದಲ್ಲಿ, ಇಷ್ಟಬಂದಂತೆ ರಕ್ಷಿಸುತ್ತಾನೆ ಎಂದು ತಮ್ಮ ನಂಬಿಕೆಯ ಅರಿಕೆಯ 10ನೆಯ ಅಧ್ಯಾಯದಲ್ಲಿ ಜಾಗ ಬಿಟ್ಟರು.

ಈ ಸಿದ್ಧಾಂತದಿಂದ ಮೊದಲು ನಾಚಬೇಕಾದವರು ನಮ್ಮವರೇ. ಯೌವನದಲ್ಲಿ ನಾನು ಮೈದಾನವೊಂದರಲ್ಲಿ ಮೂರು ರಾತ್ರಿ ನಡೆದ ಉಜ್ಜೀವನ ಕೂಟದಲ್ಲಿ ಸ್ವಯಂಸೇವಕನಾಗಿದ್ದೆ. ಪ್ರಸಂಗದ ಕೊನೆಗೆ ಕೀಬೋರ್ಡ್ ಮೆಲ್ಲಗೆ ನುಡಿಯುವಾಗ ಕೈಯೆತ್ತಿದವರನ್ನು ಎಣಿಸಿ ನೋಟ್‌ಬುಕ್ಕಿನಲ್ಲಿ ‘ರಕ್ಷಣೆ ಹೊಂದಿದವರು’ ಎಂಬ ತಲೆಬರಹದ ಕೆಳಗೆ ಬರೆಯುವುದು ನನ್ನ ಕೆಲಸ. ಕೆಂಪು ಸ್ವೆಟರ್ ತೊಟ್ಟ ಹುಡುಗನೊಬ್ಬ ಮೂರು ರಾತ್ರಿಯೂ ಕೈಯೆತ್ತಿದ. ಮೂರು ಸಲವೂ ಅವನನ್ನು ಎಣಿಸಿದೆ. ಕೊನೆಯ ದಿನದ ವರದಿಯಲ್ಲಿ ಅವನೊಬ್ಬನೇ ಮೂವರಾಗಿದ್ದ. ಒಳಗಿನ ಕರೆ ದೇವರ ಕೆಲಸವಾದರೆ ಅದನ್ನು ಹುಟ್ಟಿಸುವುದು ಪ್ರಸಂಗಿಯ ಕೈಯಲ್ಲಿಲ್ಲ, ಲೆಕ್ಕವಿಡುವುದು ನನ್ನ ಕೈಯಲ್ಲೂ ಇರಲಿಲ್ಲ.

ಇದೇ ಮಾತು ಮತಾಂತರದ ವಿವಾದಕ್ಕೂ ತಾಗುತ್ತದೆ. 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಂವಿಧಾನದ 25ನೆಯ ವಿಧಿ ಕೊಡುವುದು ತನ್ನ ಧರ್ಮದ ತತ್ವಗಳನ್ನು ವಿವರಿಸಿ ಪ್ರಸಾರ ಮಾಡುವ ಹಕ್ಕನ್ನೇ ಹೊರತು ಇನ್ನೊಬ್ಬನನ್ನು ಮತಾಂತರಿಸುವ ಹಕ್ಕನ್ನಲ್ಲ ಎಂದಿತು. ಆ ತೀರ್ಪು ಅನೇಕ ಕ್ರೈಸ್ತರಿಗೆ ನೋವು ತಂದಿತು, ಅದರ ಕಾನೂನಿನ ಚರ್ಚೆ ಇನ್ನೂ ಇದೆ. ನ್ಯಾಯಾಲಯ ಮಾತನಾಡಿದ್ದು ಹಕ್ಕಿನ ಬಗ್ಗೆ, ನಮ್ಮ ಸಿದ್ಧಾಂತ ಮಾತನಾಡುವುದು ಶಕ್ತಿಯ ಬಗ್ಗೆ ಎಂಬ ವ್ಯತ್ಯಾಸವನ್ನೂ ಮರೆಯಬಾರದು. ಆದರೂ ಪ್ರಶ್ನೋತ್ತರವನ್ನು ಬಾಯಿಪಾಠ ಮಾಡಿದ ಕ್ರೈಸ್ತನು ಇನ್ನೊಬ್ಬನ ಹೃದಯವನ್ನು ತಿರುಗಿಸುವ ಶಕ್ತಿ ತನಗಿದೆಯೆಂದು ಹೇಳಲಾರ. ಹೊಳೆಯ ದಡದಲ್ಲಿ ಕೂತು ಮಾತನಾಡುವುದಷ್ಟೇ ಅವನ ಪಾಲಿನ ಕೆಲಸ. ಆಮಿಷ ಒಡ್ಡುವವನು ಕಾನೂನಿಗೆ ಮಾತ್ರವಲ್ಲ, ತನ್ನದೇ ಪ್ರಶ್ನೋತ್ತರಕ್ಕೂ ತಪ್ಪಿ ನಡೆಯುತ್ತಾನೆ.

ಕಡೆಯದಾಗಿ ಎರಡು ಚಿಕ್ಕ ವಿನಂತಿಗಳು. ಕನ್ನಡ ಕಥೋಲಿಕರಲ್ಲಿ ‘ದೈವಕರೆ’ ಎಂದರೆ ಸಾಮಾನ್ಯವಾಗಿ ಗುರುಗಳಾಗುವುದಕ್ಕೆ, ಕನ್ಯಾಸ್ತ್ರೀಯರಾಗುವುದಕ್ಕೆ ಬರುವ ಕರೆ. ರಕ್ಷಣೆಗೆ ಕರೆಯುವ ಕರೆಯ ಬಗ್ಗೆ ಬರೆಯುವಾಗ ‘ಅಂತರಂಗದ ಕರೆ’ ಎಂದೇ ಮುದ್ರಿಸಿದರೆ ಗೊಂದಲವಿರದು. ಈ ವಿಷಯವನ್ನು ಮತ್ತೊಮ್ಮೆ ಪ್ರಕಟಿಸುವುದಾದರೆ ಆ ಚಿತ್ರವನ್ನೂ ಬದಲಿಸಬೇಕು. ಲುದ್ಯಳು ಆಕಾಶದ ಕಡೆ ಕಿವಿಗೊಟ್ಟು ನಿಂತಿರಲಿಲ್ಲ, ಹೊಳೆಯ ದಡದಲ್ಲಿ ಕೂತ ಹೆಂಗಸರ ಗುಂಪಿನಲ್ಲಿ ಒಬ್ಬಳಾಗಿದ್ದಳು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ, ಧಾರವಾಡ