ಅರ್ಕಾವತ್ತು ಮತ್ತು ನಮ್ಮ ಟೀಚರ್

ಮಗ ಎಸ್ಸೆಸ್ಸೆಲ್ಸಿ ಪಾಸಾದ. 625ಕ್ಕೆ 291. ಸೋಮವಾರಪೇಟೆ ಸಂತೆಯಲ್ಲಿ ಸಿಕ್ಕವರಿಗೆಲ್ಲ ಲಾಡು ಹಂಚಿದೆ. "ಇಷ್ಟಕ್ಕೇ ಸ್ವೀಟಾ?" ಅಂತ ಒಬ್ಬರು ನಕ್ಕರು. ಹೌದು, ಇಷ್ಟಕ್ಕೇ.

ಆರನೇ ಕ್ಲಾಸಿನವರೆಗೂ ಅವನನ್ನು ಸೋಮಾರಿ ಅಂತಲೇ ನಂಬಿದ್ದೆವು. ಬಾಯಲ್ಲಿ ಕೇಳಿದರೆ ಪಟಪಟ ಉತ್ತರ. ಬರೆಯಲು ಕೂತರೆ ಒತ್ತಕ್ಷರವೆಲ್ಲ ಮಾಯ. ಆಗಿದ್ದ ಶಾಲೆಯಲ್ಲಿ "ಬೇರೆ ಕಡೆ ಸೇರಿಸಿ" ಅಂದರು. ನಾನೂ ಎರಡೇಟು ಹಾಕಿದ್ದುಂಟು, ಅದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಹೊಸ ಶಾಲೆಯ ಕನ್ನಡ ಟೀಚರ್ ತಿಂಗಳೊಳಗೆ ನನ್ನನ್ನು ಕರೆಸಿದರು. "ಇದು ಸೋಮಾರಿತನ ಅಲ್ಲ, ಒಮ್ಮೆ ನಿಮ್ಹಾನ್ಸ್‌ಗೆ ತೋರಿಸಿ" ಅಂದರು. ಬೆಂಗಳೂರಿಗೆ ಮೂರು ಸಲ ಓಡಾಡಿದೆವು. ಡಿಸ್ಲೆಕ್ಸಿಯಾ ಅಂತ ಗೊತ್ತಾಯಿತು. ಬುದ್ಧಿಗೇನೂ ಕೊರತೆಯಿಲ್ಲ, ಅಕ್ಷರಕ್ಕೂ ಅದರ ಸದ್ದಿಗೂ ಜೋಡಿ ಹಾಕುವುದೇ ಅವನಿಗೆ ಕಷ್ಟ.

ಅಲ್ಲಿಂದ ಹತ್ತಿರ ಹತ್ತಿರ ನಾಲ್ಕು ವರ್ಷ, ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಅವನೊಬ್ಬನಿಗೇ ಪಾಠ. ಅರ್ಕಾವತ್ತು ಅಂದರೆ ಅವನಿಗೆ ಜಾಸ್ತಿ ಭಯ. 'ವರ್ಷ'ವನ್ನು 'ವಷರ್' ಅಂತ ಓದುತ್ತಿದ್ದ. ಅವನದೇನು ತಪ್ಪು? ಬರೆದಿರುವುದೇ ಹಾಗಲ್ವಾ!

ಒಂದು ಜನವರಿ ಭಾನುವಾರ ಟೀಚರ್ ಮನೆಗೇ ಬಂದರು. ಕಣದಲ್ಲಿ ಕಾಫಿ ಒಣಗಲು ಹರಡಿತ್ತು. ಅದರ ಮೇಲೆ ಬೆರಳಲ್ಲಿ ದೊಡ್ಡದಾಗಿ 'ವಷ' ಬರೆಸಿದರು. ಕೊನೆಗೆ ಒಂದು ಕೆಂಪು ಹಣ್ಣು ಇಟ್ಟು, "ಇದು ಅರ್ಕಾವತ್ತು ಮರಿ. ನಿಲ್ಲೋದು ಹಿಂದೆ, ಕೂಗೋದು ಮುಂದೆ" ಅಂದರು. ಅವನು ಆ ಹಣ್ಣನ್ನು ಎರಡಕ್ಷರದ ನಡುವೆ ತಳ್ಳಿದ. ತುಟಿ ಅಲ್ಲಾಡಿಸಿದ. "ವ... ರ್... ಷ." ಆಮೇಲೆ ಸೂರ್ಯ, ಪರ್ಸು, ಮಾರ್ಚು ಅಂತ ಕಣವೆಲ್ಲ ಬರೆದ. ಅವತ್ತು ಕಾಫಿ ಕೆದಕಲು ನಾನು ಯಾರನ್ನೂ ಬಿಡಲಿಲ್ಲ.

ಜುಲೈಯಲ್ಲಿ ಮಳೆಗೆ ಶಾಲೆಗೆ ರಜೆ, ಕರೆಂಟಿಲ್ಲ. ನೆಟ್‌ವರ್ಕ್ ಸಿಕ್ಕಾಗ ಸಮಾಜದ ಪಾಠ ಟೀಚರ್ ದನಿಯಲ್ಲೇ ಫೋನಿಗೆ ಬರುತ್ತಿತ್ತು. ಒಲೆ ಮುಂದೆ ಕೂತು ಕೇಳುತ್ತಿದ್ದ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಇಂಥ ಕಲಿಕೆಯ ತೊಂದರೆಯೂ ಸೇರಿದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಸಿಗುತ್ತಾರೆ ಅಂತ ನಮಗೆ ತಿಳಿಸಿದ್ದೂ ಟೀಚರೇ. ಅರ್ಜಿ, ಸರ್ಟಿಫಿಕೇಟು ಅಂತ ಓಡಾಡಿದ ಹೆಡ್‌ಮಾಸ್ಟರಿಗೂ, ಅವನು ಹೇಳಿದ್ದನ್ನು ಒಂದಕ್ಷರ ಸೇರಿಸದೆ ಬರೆದುಕೊಟ್ಟ ಒಂಬತ್ತನೇ ಕ್ಲಾಸಿನ ಹುಡುಗಿಗೂ ಥ್ಯಾಂಕ್ಸ್. ಕನ್ನಡ ಪೇಪರ್ ಮಾತ್ರ ತಾನೇ ಬರೆಯುತ್ತೇನೆ ಅಂತ ಹಟ ಹಿಡಿದು ಬರೆದ.

ಟೀಚರ್, ಮನೆ ಕಾಫಿಪುಡಿ ಕಳಿಸುತ್ತಿದ್ದೇನೆ. ಪೊಟ್ಟಣದ ಮೇಲೆ ಹೆಸರು ಬರೆದವನು ಅವನೇ. ನಿಮ್ಮ ಹೆಸರಿನ ಅರ್ಕಾವತ್ತು ಸ್ವಲ್ಪ ದಪ್ಪ ಆಗಿದೆ.